ಕೂದಲು ಕಸಿ: ‘ನಾಡಿದ್ದೇ ಬನ್ನಿ’ ಅನ್ನುವವರ ಬಳಿ ಹೋಗಲಾ, ‘ಐದು ತಿಂಗಳು ಕಾಯಿರಿ’ ಅನ್ನುವವರ ಬಳಿ ಹೋಗಲಾ?

ಪ್ರಶ್ನೆ: ಸರ್, ನನಗೆ 28 ವರ್ಷ. ಮನೆ ಬಾಗಲಕೋಟೆಯ ನವನಗರದಲ್ಲಿ, ಕೆಲಸ ಮುಧೋಳ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ. 23ನೇ ವಯಸ್ಸಿನಿಂದ ಹಣೆಯ ಎರಡೂ ಮೂಲೆಯಲ್ಲಿ ಕೂದಲು ಹಿಂದೆ ಸರಿಯುತ್ತಿದೆ. ಈಗ ನಡುನೆತ್ತಿಯೂ ತೆಳುವಾಗಿದೆ. ಅಪ್ಪನಿಗೂ ಸೋದರಮಾವನಿಗೂ ಬೋಳು. ಈರುಳ್ಳಿ ರಸ, ಎಣ್ಣೆ ಬಿಟ್ಟರೆ ಇದುವರೆಗೆ ಯಾವ ಔಷಧಿಯನ್ನೂ ಮಾಡಿಲ್ಲ. ನಮ್ಮವ್ವ ‘ಬೋರಿನ ಸವಳ ನೀರಿಂದನ ಹಿಂಗ ಆಗೇತಿ’ ಅಂತಾಳೆ. ವೈಶಾಖದಲ್ಲಿ ನನ್ನ ಲಗ್ನ, ಇನ್ನು ಏಳು ತಿಂಗಳಿದೆ. ಮೂರು ಕಡೆ ವಿಚಾರಿಸಿದೆ. ಒಂದು ಕ್ಲಿನಿಕ್‌ನವರು ಫೋಟೋ ನೋಡಿಯೇ ‘3,500 ಗ್ರಾಫ್ಟ್ ಬೇಕು, ನಾಡಿದ್ದೇ ಸ್ಲಾಟ್ ಇದೆ, ಇವತ್ತು ಅಡ್ವಾನ್ಸ್ ಕಟ್ಟಿದರೆ ಡಿಸ್ಕೌಂಟ್’ ಅಂದರು. 10,000 ರೂಪಾಯಿ ಕಳಿಸಿಬಿಟ್ಟೆ. ಪುಣೆಯ ಒಬ್ಬ ವೈದ್ಯರ ಬಳಿ ಐದು ತಿಂಗಳ ಪಾಳಿ ಇದೆಯಂತೆ. ಬೆಳಗಾವಿಯ ಒಬ್ಬ ಚರ್ಮರೋಗ ತಜ್ಞರು ‘ಒಂದು ವರ್ಷ ಔಷಧಿ ಮಾಡಿ, ಆಮೇಲೆ ನೋಡೋಣ’ ಅಂದರು. ಪಾಳಿ ಉದ್ದ ಇದ್ದಷ್ಟೂ ವೈದ್ಯರು ಒಳ್ಳೆಯವರು ಅಂತ ಅರ್ಥವಾ? ಕಾಯುತ್ತಾ ಕೂತರೆ ಬೇರು ಸತ್ತು ಕಸಿ ಹಿಡಿಯುವುದೇ ಇಲ್ಲ ಅಂತ ಕ್ಲಿನಿಕ್‌ನವರು ಹೇಳುತ್ತಿದ್ದಾರೆ, ನಿಜವಾ? ಹುಡುಗಿಗೆ ಇನ್ನೂ ಏನೂ ಹೇಳಿಲ್ಲ.

ಉತ್ತರ: ನಾಡಿದ್ದು, ಐದು ತಿಂಗಳು, ಒಂದು ವರ್ಷ. ಈ ಮೂರನ್ನೂ ನೀವು ಒಂದೇ ಥರದ ಉತ್ತರ ಅಂದುಕೊಂಡು ಹೋಲಿಸುತ್ತಿದ್ದೀರಿ. ಅವು ಒಂದೇ ಥರದವಲ್ಲ. ಪುಣೆಯವರ ಐದು ತಿಂಗಳು ಅವರ ಡೈರಿಯ ಲೆಕ್ಕ. ಬೆಳಗಾವಿಯವರ ಒಂದು ವರ್ಷ ನಿಮ್ಮ ತಲೆಯ ಲೆಕ್ಕ. ಇವೆರಡಲ್ಲದೆ ಇನ್ನೊಂದು ಲೆಕ್ಕವಿದೆ. ನಿಮ್ಮ ಪತ್ರ ನೋಡಿದರೆ ಅದನ್ನು ನಿಮಗೆ ಯಾರೂ ಹೇಳಿದಂತಿಲ್ಲ. ನೆಟ್ಟ ಕೂದಲು ಬೆಳೆದು ಕಾಣೋಕೆ ಎಷ್ಟು ಕಾಲ ಬೇಕು ಅನ್ನುವ ಲೆಕ್ಕ ಅದು. ಲಗ್ನದ ತಾರೀಖಿಗೆ ನೇರವಾಗಿ ತಾಗುವುದು ಅದೇ ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ನೆಟ್ಟ ಕೂದಲು ಮೊದಲು ಉದುರುತ್ತದೆ. ಕಸಿಯಾದ ಮೇಲೆ ಏಳರಿಂದ ಹತ್ತು ದಿನ ತಲೆಯ ಮೇಲೆ ಸಣ್ಣ ಸಣ್ಣ ಹಕ್ಕಳೆ ಇರುತ್ತವೆ. ಅವು ಬಿದ್ದ ಮೇಲೆ ಚೆನ್ನಾಗಿ ಕಾಣುತ್ತದೆ, ಎಲ್ಲರೂ ಖುಷಿಯಾಗುತ್ತಾರೆ. ಆಮೇಲೆ, ಎರಡನೇ ವಾರದಿಂದ ಆರನೇ ವಾರದ ಒಳಗೆ, ನೆಟ್ಟ ಕೂದಲಿನ ಬಹುಪಾಲು ಬಿದ್ದುಹೋಗುತ್ತದೆ. ಬೇರು ಚರ್ಮದೊಳಗೇ ಇರುತ್ತದೆ, ವಿಶ್ರಾಂತಿಗೆ ಹೋಗಿರುತ್ತದೆ ಅಷ್ಟೆ. ಕೆಲವರಿಗೆ ಅಕ್ಕಪಕ್ಕದ ಹಳೆಯ ಕೂದಲೂ ಆಘಾತಕ್ಕೆ ಸ್ವಲ್ಪ ಉದುರುತ್ತದೆ. ಮೂರನೇ ಅಥವಾ ನಾಲ್ಕನೇ ತಿಂಗಳಿಗೆ ತೆಳ್ಳಗಿನ ಹೊಸ ಕೂದಲು ಬರೋಕೆ ಶುರುವಾಗುತ್ತದೆ. ಆರು ತಿಂಗಳಿಗೆ ಎದುರಿಗೆ ಕೂತವರಿಗೆ ಗೊತ್ತಾಗುವಷ್ಟು ಬರುತ್ತದೆ. ಪೂರ್ತಿ ಫಲ ಕಾಣುವುದು ಒಂಬತ್ತರಿಂದ ಹನ್ನೆರಡು ತಿಂಗಳಿಗೆ. ನಡುನೆತ್ತಿಗೆ ಒಂದೂವರೆ ವರ್ಷ ಹಿಡಿದರೂ ಆಶ್ಚರ್ಯವಿಲ್ಲ.

ಈಗ ನಿಮ್ಮ ತಾರೀಖುಗಳನ್ನು ಇದರ ಮೇಲೆ ಇಟ್ಟು ನೋಡಿ. ಪುಣೆಯಲ್ಲಿ ಐದು ತಿಂಗಳ ಬಳಿಕ ಕಸಿಯಾದರೆ ಲಗ್ನಕ್ಕೆ ಉಳಿಯುವುದು ಎರಡೇ ತಿಂಗಳು. ಅಂದರೆ ನೆಟ್ಟ ಕೂದಲು ಉದುರಿ, ಹೊಸದು ಇನ್ನೂ ಬಾರದ, ಈಗಿರುವುದಕ್ಕಿಂತಲೂ ತೆಳ್ಳಗೆ ಕಾಣುವ ಹೊತ್ತಿಗೆ ಸರಿಯಾಗಿ ನೀವು ಹಸೆಮಣೆಯ ಮೇಲೆ ಕೂತಿರುತ್ತೀರಿ. ವೈದ್ಯರು ಎಷ್ಟೇ ನುರಿತವರಿರಲಿ, ನಿಮ್ಮ ಮಟ್ಟಿಗೆ ಇದಕ್ಕಿಂತ ಕೆಟ್ಟ ಮುಹೂರ್ತ ಇನ್ನೊಂದಿಲ್ಲ. ಪುಣೆಯಲ್ಲಿ ಕಸಿಯಾಗುವ ಹೊತ್ತಿಗೆ ಬಾಗಲಕೋಟೆಯಲ್ಲಿ ಹೋಳಿಯೂ ಬರುತ್ತದೆ. ನಿಮ್ಮೂರಿನ ಹೋಳಿ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಬಂಡಿಗಟ್ಟಲೆ ಬಣ್ಣ ತುಂಬಿಕೊಂಡು ದಿನಗಟ್ಟಲೆ ಆಡುವ ಊರಿನಲ್ಲಿ, ವಾರದ ಹಿಂದಷ್ಟೇ ಸಾವಿರಾರು ತೂತು ಮಾಡಿಸಿಕೊಂಡ ತಲೆ ಇಟ್ಟುಕೊಂಡು ಓಡಾಡುವುದು ಕಷ್ಟ. ನಾಡಿದ್ದೇ ಮಾಡಿಸಿಕೊಂಡರೆ ತಿಂಗಳ ಲೆಕ್ಕವೇನೋ ಹೊಂದುತ್ತದೆ, ಲಗ್ನಕ್ಕೆ ಅರ್ಧಕ್ಕಿಂತ ಹೆಚ್ಚು ಬೆಳವಣಿಗೆ ಕಾಣಬಹುದು. ಆದರೆ ಆ ಕ್ಲಿನಿಕ್ ಬಗ್ಗೆ ನೀವು ಬರೆದಿರುವುದು ನನಗೆ ಸರಿ ಕಾಣುತ್ತಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಪಾಳಿ ಯಾಕೆ ಬೆಳೆಯುತ್ತದೆ

ಪಾಳಿ ಉದ್ದ ಇದ್ದರೆ ವೈದ್ಯರು ಒಳ್ಳೆಯವರು ಅನ್ನುವುದು ಅರ್ಧ ನಿಜ. ಕೆಲಸ ಹೇಗೆ ನಡೆಯುತ್ತದೆ ಅಂತ ತಿಳಿದರೆ ಇದು ಅರ್ಥವಾಗುತ್ತದೆ. ಈಗ ಹೆಚ್ಚಾಗಿ ಮಾಡುವ ಎಫ್‌ಯುಇ ವಿಧಾನದಲ್ಲಿ ತಲೆಯ ಹಿಂಭಾಗದಿಂದ ಒಂದೊಂದೇ ಬೇರನ್ನು ಸುಮಾರು ಒಂದು ಮಿಲಿಮೀಟರ್‌ಗಿಂತ ಸಣ್ಣ ಕೊಳವೆಯಂಥ ಪಂಚ್‌ನಿಂದ ಬಿಡಿಸಿ ತೆಗೆಯುತ್ತಾರೆ. ಒಂದು ಗ್ರಾಫ್ಟ್ ಅಂದರೆ ಇಂಥ ಒಂದು ಬೇರಿನ ಗುಂಪು. ಅದರಲ್ಲಿ ಒಂದರಿಂದ ನಾಲ್ಕು ಕೂದಲು ಇರುತ್ತವೆ. ಆಮೇಲೆ ಮುಂಭಾಗದಲ್ಲಿ ಸಣ್ಣ ಸೀಳು ಮಾಡಿ ಅವನ್ನು ಕೂರಿಸುತ್ತಾರೆ. ಸೀಳಿನ ಕೋನ, ದಿಕ್ಕು, ಆಳ ಇವೇ ಮುಂದೆ ಕೂದಲು ಸಹಜವಾಗಿ ಕಾಣುತ್ತದೋ ಬೊಂಬೆಯ ಕೂದಲಿನಂತೆ ಕಾಣುತ್ತದೋ ಅನ್ನುವುದನ್ನು ತೀರ್ಮಾನಿಸುತ್ತವೆ. 2,000 ಗ್ರಾಫ್ಟ್‌ಗೆ ಆರರಿಂದ ಎಂಟು ಗಂಟೆ ಬೇಕು. ತೆಗೆಯುವುದು, ಸೀಳು ಮಾಡುವುದು ಎರಡನ್ನೂ ವೈದ್ಯರೇ ಮಾಡಿದರೆ ದಿನಕ್ಕೆ ಒಬ್ಬರಿಗಿಂತ ಹೆಚ್ಚು ಜನರಿಗೆ ಮಾಡಲಾಗದು. ವಾರಕ್ಕೆ ನಾಲ್ಕು ಜನ ಅಂತ ಹಿಡಿಯಿರಿ. ನಿಮ್ಮ ಮುಂದೆ 80 ಜನ ಹೆಸರು ಬರೆಸಿದ್ದರೆ ಅಲ್ಲಿಗೆ 20 ವಾರ ಆಯಿತು. ಇಂಥ ಪಾಳಿಗೆ ಬೆಲೆ ಇದೆ.

ಬೇರೆ ಕಾರಣಕ್ಕೂ ಪಾಳಿ ಬೆಳೆಯುತ್ತದೆ. ತುಳಸಿ ಲಗ್ನ ಮುಗಿದು ಮದುವೆಗಳು ಶುರುವಾಗುವ ಮುಂಚೆ ಎಲ್ಲ ಕಡೆಯೂ ಗದ್ದಲ ಇರುತ್ತದೆ. ನಮ್ಮ ಕಡೆ ಇನ್ನೊಂದು ಪದ್ಧತಿ ಇದೆ. ದೊಡ್ಡ ಊರಿನ ಸರ್ಜನ್ ತಿಂಗಳಿಗೊಮ್ಮೆ ಬೆಳಗಾವಿಗೋ ವಿಜಯಪುರಕ್ಕೋ ಬಂದು ಎರಡು ದಿನ ಕೆಲಸ ಮಾಡಿ ಹೋಗುತ್ತಾರೆ. ಅಲ್ಲಿ ಮೂರು ತಿಂಗಳ ಪಾಳಿ ಅಂದರೆ ಅವರು ಬರುವುದೇ ಅಪರೂಪ ಅಂತ, ಅದರಿಂದ ಗುಣಮಟ್ಟ ತಿಳಿಯುವುದಿಲ್ಲ. ವಿಸಿಟಿಂಗ್ ವೈದ್ಯರಲ್ಲಿ ಬಹಳ ಒಳ್ಳೆಯವರಿದ್ದಾರೆ. ಆದರೆ ಅವರು ಊರಿಗೆ ಹೋದ ಮೂರನೇ ದಿನ ನಿಮ್ಮ ತಲೆಯಲ್ಲಿ ಕೀವು ಕಂಡರೆ ಯಾರು ನೋಡುತ್ತಾರೆ? ಇದನ್ನು ಕೇಳದೆ ಹೆಸರು ಬರೆಸಬೇಡಿ. ಇನ್ನು ಕೆಲವರು ಬೇಡಿಕೆ ಇದೆ ಅಂತ ತೋರಿಸೋಕೆ ಸುಮ್ನೆ ‘ಮೂರು ತಿಂಗಳು ಫುಲ್’ ಅನ್ನುತ್ತಾರೆ, ನಾಲ್ಕು ದಿನ ಬಿಟ್ಟು ‘ಒಬ್ಬರು ಕ್ಯಾನ್ಸಲ್ ಮಾಡಿದರು, ನಿಮ್ಮ ಅದೃಷ್ಟ’ ಅಂತ ಫೋನ್ ಮಾಡುತ್ತಾರೆ. ನಿಮ್ಮನ್ನು ಮೊದಲೇ ಪರೀಕ್ಷೆ ಮಾಡಿ, ರಕ್ತಪರೀಕ್ಷೆ ಮುಗಿಸಿರುವ ವೈದ್ಯರು ಹಾಗೆ ಕರೆದರೆ ಹೋಗಬಹುದು. ಮುಖವನ್ನೇ ನೋಡದವರು ಕರೆದರೆ ಬೇಡ.

ಪಾಳಿ ಇಲ್ಲ ಅಂದರೆ ಕೆಟ್ಟದ್ದು ಅಂತಲೂ ಅಲ್ಲ. ಒಳ್ಳೆಯ ತರಬೇತಿ ಮುಗಿಸಿ ಹೊಸದಾಗಿ ಬಂದವರ ಡೈರಿ ಖಾಲಿ ಇರುತ್ತದೆ, ಅವರು ಒಂದು ತಲೆಗೆ ಇಡೀ ದಿನ ಕೊಡುತ್ತಾರೆ. ನನಗೆ ಭಯವಾಗುವುದು ಇನ್ನೊಂದು ಥರದ ‘ಪಾಳಿ ಇಲ್ಲ’. ಒಂದೇ ದಿನ ನಾಲ್ಕು ಮಂಚ, ನಾಲ್ಕು ಜನ. ವೈದ್ಯರು ಬೆಳಿಗ್ಗೆ ಬಂದು ಪೆನ್ನಿನಲ್ಲಿ ಗೆರೆ ಎಳೆದು ಹೋಗುತ್ತಾರೆ, ಮಿಕ್ಕಿದ್ದೆಲ್ಲ ಟೆಕ್ನಿಷಿಯನ್‌ಗಳ ಕೈಯಲ್ಲಿ. ಅಲ್ಲಿ ಯಾವತ್ತೂ ಸ್ಲಾಟ್ ಇರುತ್ತದೆ, ಯಾಕೆಂದರೆ ವೈದ್ಯರ ಸಮಯ ಅಲ್ಲಿ ಬೇಕಾಗಿಯೇ ಇಲ್ಲ.

ಇದರಿಂದ ಆಗುವ ತೊಂದರೆ ಚಂದಕ್ಕೆ ಸಂಬಂಧಪಟ್ಟದ್ದು ಮಾತ್ರವಲ್ಲ. ತಲೆ ಮರಗಟ್ಟಿಸೋಕೆ ಕೊಡುವ ಲಿಗ್ನೊಕೇನ್‌ಗೆ ಮಿತಿ ಇದೆ. ಅಡ್ರಿನಲಿನ್ ಬೆರೆಸಿದ್ದಾದರೆ ಒಂದು ಕೆ.ಜಿ. ತೂಕಕ್ಕೆ 7 ಮಿಲಿಗ್ರಾಂ. 70 ಕೆ.ಜಿ. ಇರುವವರಿಗೆ 2 ಪರ್ಸೆಂಟ್ ಔಷಧಿ ಹೆಚ್ಚೆಂದರೆ ಸುಮಾರು 24 ಎಂ.ಎಲ್. ಕೆಲಸ ಎಳೆದು ಎಳೆದು ಹತ್ತು ಹನ್ನೆರಡು ಗಂಟೆಯಾದಾಗ ‘ನೋವು’ ಅಂದ ಕೂಡಲೇ ಇನ್ನಷ್ಟು ಚುಚ್ಚುವವರು ಈ ಲೆಕ್ಕ ಇಡದಿದ್ದರೆ ಫಿಟ್ಸ್ ಬರಬಹುದು, ಹೃದಯದ ಬಡಿತ ಏರುಪೇರಾಗಬಹುದು. ಅಲರ್ಜಿ ಆದರೆ ನಿಮಿಷಗಳಲ್ಲಿ ಚಿಕಿತ್ಸೆ ಬೇಕು. 2019ರಲ್ಲಿ ಮುಂಬೈಯಲ್ಲಿ ಒಂದೇ ಸಲಕ್ಕೆ 9,000ಕ್ಕೂ ಹೆಚ್ಚು ಗ್ರಾಫ್ಟ್ ಹಾಕಿಸಿಕೊಂಡ ಉದ್ಯಮಿಯೊಬ್ಬರು ಸತ್ತ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಕಾನ್ಪುರದಲ್ಲಿ ಕೂದಲು ಕಸಿಯ ಬಳಿಕ ಇಬ್ಬರು ಇಂಜಿನಿಯರ್‌ಗಳು ಸತ್ತದ್ದು 2025ರಲ್ಲಿ ಪೊಲೀಸ್ ಕೇಸಾಯಿತು. ಇಂಥ ಸಾವು ತೀರಾ ಅಪರೂಪ. ನಿಮ್ಮನ್ನು ಹೆದರಿಸೋಕೆ ಇದನ್ನು ಹೇಳುತ್ತಿಲ್ಲ. ಕೂದಲು ಕಸಿ ಕಟಿಂಗ್ ಅಂಗಡಿಯ ಕೆಲಸವಲ್ಲ, ಶಸ್ತ್ರಚಿಕಿತ್ಸೆ ಅನ್ನುವುದು ಮನಸ್ಸಿನಲ್ಲಿರಲಿ ಅಂತ ಹೇಳುತ್ತಿದ್ದೇನೆ. 2022ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಈ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಯೂಟ್ಯೂಬ್ ನೋಡಿ, ವರ್ಕ್‌ಶಾಪ್‌ನಲ್ಲಿ ಕೂತು ಬಂದು ಇದನ್ನು ಮಾಡುವಂತಿಲ್ಲ, ಕ್ರಮಬದ್ಧ ತರಬೇತಿ ಪಡೆದ ಚರ್ಮರೋಗ ತಜ್ಞರು, ಪ್ಲಾಸ್ಟಿಕ್ ಸರ್ಜನ್‌ಗಳಂಥವರು ಮಾಡಬೇಕು, ಏನಾದರೂ ಆದರೆ ತುರ್ತು ಚಿಕಿತ್ಸೆಗೆ ವ್ಯವಸ್ಥೆ ಇರಬೇಕು ಅಂತ ಅದರಲ್ಲಿದೆ.

ಬೇರು ಸಾಯುತ್ತದೆ ಅನ್ನುವ ಮಾತು

‘ಬೇರು ಸತ್ತ ಮೇಲೆ ಕಸಿ ಹಿಡಿಯುವುದಿಲ್ಲ’ ಅನ್ನುವುದು ತಪ್ಪು. ನೆಡುವ ಬೇರು ಬರುವುದು ಹಿಂದಲೆಯಿಂದ. ಮುಂದಿನ ಚರ್ಮ ಆರೋಗ್ಯವಾಗಿದ್ದರೆ, ರಕ್ತ ಓಡಾಡುತ್ತಿದ್ದರೆ, ಬೋಳಾಗಿ 20 ವರ್ಷ ಆಗಿದ್ದರೂ ಅದು ಬೇರನ್ನು ಹಿಡಿದುಕೊಳ್ಳುತ್ತದೆ. 50 ದಾಟಿದವರಿಗೂ ಕಸಿ ಮಾಡುತ್ತೇವೆ, ಚೆನ್ನಾಗಿಯೇ ಬರುತ್ತದೆ. ನ್ಯೂಯಾರ್ಕ್‌ನ ವೈದ್ಯ ನಾರ್ಮನ್ ಒರೆಂಟ್ರೈಖ್ 1959ರಲ್ಲಿ ಪ್ರಕಟಿಸಿದ್ದು ಇದೇ ತತ್ವ: ಕೂದಲು ಎಲ್ಲಿಂದ ಬಂತೋ ಅಲ್ಲಿಯ ಗುಣವನ್ನು ಹೊಸ ಜಾಗದಲ್ಲೂ ಉಳಿಸಿಕೊಳ್ಳುತ್ತದೆ. ಹಿಂದಲೆಯ ಕೂದಲಿಗೆ ಬೋಳಾಗುವ ಗುಣ ಕಡಿಮೆ, ಅದಕ್ಕೇ ಮುಂದೆ ನೆಟ್ಟರೂ ಬಾಳಿಕೆ ಬರುತ್ತದೆ. ಇವತ್ತಿಗೂ ಇಡೀ ಕೂದಲು ಕಸಿ ನಿಂತಿರುವುದು ಇದರ ಮೇಲೆ.

ಆದರೆ ಕ್ಲಿನಿಕ್‌ನವರ ಮಾತಿನಲ್ಲಿ ಒಂದು ಎಳೆ ನಿಜವಿದೆ, ಅದನ್ನು ಅವರು ತಪ್ಪು ಕಡೆಗೆ ತಿರುಗಿಸಿದ್ದಾರೆ. ಕಾಯುವುದರಿಂದ ಹಾಳಾಗುವುದು ಔಷಧಿಯ ಅವಕಾಶ. ಗಂಡಸರ ಬೋಳಿನಲ್ಲಿ ಡಿಎಚ್‌ಟಿ ಅನ್ನುವ ಹಾರ್ಮೋನು ಬೇರನ್ನು ವರ್ಷ ವರ್ಷಕ್ಕೂ ಸಣ್ಣದು ಮಾಡುತ್ತಾ ಹೋಗುತ್ತದೆ. ದಪ್ಪ ಕೂದಲು ಎಳೆಯಾಗುತ್ತದೆ, ಎಳೆ ನವಿರಾಗುತ್ತದೆ, ಕೊನೆಗೆ ಕಾಣದಾಗುತ್ತದೆ. ನವಿರಾಗುತ್ತಿರುವ ಬೇರನ್ನು ಔಷಧಿ ಹಿಡಿದು ನಿಲ್ಲಿಸಬಲ್ಲದು, ಸ್ವಲ್ಪ ಮಟ್ಟಿಗೆ ಮತ್ತೆ ದಪ್ಪ ಮಾಡಬಲ್ಲದು. ಪೂರ್ತಿ ಹೋದದ್ದನ್ನು ತರಲಾರದು. ನಿಮ್ಮ ನಡುನೆತ್ತಿ ಈಗ ತೆಳುವಾಗುತ್ತಿದೆ ಅಂದಿರಿ. ಅಲ್ಲಿ ಔಷಧಿ ಕೆಲಸ ಮಾಡುವ ಕಾಲ ಇದೇ. ಅವಸರ ಮಾಡಬೇಕಾದದ್ದು ಔಷಧಿಗೆ, ಕಸಿಗಲ್ಲ. ಐದು ವರ್ಷ ಈರುಳ್ಳಿ ರಸದಲ್ಲಿ ಕಳೆದಿದ್ದೀರಿ, ಇನ್ನು ಕಳೆಯಬೇಡಿ.

ಮುಖ್ಯವಾಗಿ ಎರಡು ಔಷಧಿ ಇವೆ. ಒಂದು, ಹಚ್ಚುವ ಮಿನಾಕ್ಸಿಡಿಲ್, ಗಂಡಸರಿಗೆ ಸಾಮಾನ್ಯವಾಗಿ 5 ಪರ್ಸೆಂಟ್. ಶುರು ಮಾಡಿದ ಮೊದಲ ಕೆಲವು ವಾರ ಕೂದಲು ಇನ್ನೂ ಜಾಸ್ತಿ ಉದುರಬಹುದು. ಹಳೆಯ ಕೂದಲನ್ನು ಹೊಸದು ತಳ್ಳುತ್ತಿರುತ್ತದೆ. ಇಲ್ಲೇ ಬಹಳ ಜನ ಹೆದರಿ ಬಿಟ್ಟುಬಿಡುತ್ತಾರೆ. ಇನ್ನೊಂದು, ದಿನಕ್ಕೆ 1 ಮಿಲಿಗ್ರಾಂ ಫಿನಾಸ್ಟರೈಡ್ ಗುಳಿಗೆ, ಇದು ಡಿಎಚ್‌ಟಿ ತಯಾರಾಗುವುದನ್ನು ತಗ್ಗಿಸುತ್ತದೆ. ಎರಡಕ್ಕೂ ಫಲ ಕಾಣೋಕೆ ನಾಲ್ಕರಿಂದ ಆರು ತಿಂಗಳು ಬೇಕು, ಪೂರ್ತಿ ಅಳೆಯೋಕೆ ಒಂದು ವರ್ಷ. ಈ ವಾರ ಶುರು ಮಾಡಿದರೆ ನಿಮ್ಮ ಲಗ್ನದ ಹೊತ್ತಿಗೆ ಸರಿಯಾಗಿ ಫಲ ಕಾಣುವ ಕಾಲ. ಬಿಟ್ಟರೆ ಗಳಿಸಿದ್ದು ತಿಂಗಳುಗಳಲ್ಲಿ ಹೋಗುತ್ತದೆ.

ಮದುವೆಯಾಗುವ ಹುಡುಗರು ಫಿನಾಸ್ಟರೈಡ್ ಹೆಸರು ಕೇಳಿದರೆ ಹೆದರುತ್ತಾರೆ, ಕೇಳೋಕೆ ನಾಚುತ್ತಾರೆ. ಆದ್ದರಿಂದ ಬಿಚ್ಚಿ ಹೇಳುತ್ತೇನೆ. ಆಸೆ ಕಡಿಮೆಯಾಗುವುದು, ನಿಮಿರುವಿಕೆಯ ತೊಂದರೆ, ವೀರ್ಯ ಕಡಿಮೆಯಾಗುವುದು ಕೆಲವರಿಗೆ ಆಗುತ್ತದೆ. ಔಷಧಿ ಮಾರುಕಟ್ಟೆಗೆ ಬರುವ ಮುಂಚೆ ನಡೆದ ದೊಡ್ಡ ಪರೀಕ್ಷೆಗಳಲ್ಲಿ ಗುಳಿಗೆ ತಿಂದ ನೂರರಲ್ಲಿ ನಾಲ್ವರಿಗೂ, ಔಷಧಿ ಇಲ್ಲದ ಗುಳಿಗೆ ತಿಂದ ನೂರರಲ್ಲಿ ಇಬ್ಬರಿಗೂ ಹೆಚ್ಚುಕಡಿಮೆ ಇಂಥ ತೊಂದರೆ ಕಂಡಿತ್ತು. ಹೆಚ್ಚಿನವರಿಗೆ ಬಿಟ್ಟ ಮೇಲೆ ಸರಿಹೋಗುತ್ತದೆ. ಬಿಟ್ಟ ಮೇಲೂ ಉಳಿಯಿತು ಅಂದವರೂ ಇದ್ದಾರೆ. ಮನಸ್ಸು ಕುಗ್ಗುವುದು, ಸಾಯುವ ಯೋಚನೆ ಬರುವುದೂ ವರದಿಯಾಗಿದೆ. ಹಾಗೇನಾದರೂ ಅನಿಸಿದರೆ ಆ ದಿನವೇ ಗುಳಿಗೆ ನಿಲ್ಲಿಸಿ ವೈದ್ಯರಿಗೆ ಹೇಳಬೇಕು. ಮೊದಲೇ ಖಿನ್ನತೆ ಇದ್ದವರು ಅದನ್ನು ಮುಚ್ಚಿಡಬಾರದು. ಮಗುವಿಗೆ ಪ್ರಯತ್ನ ಮಾಡುವಾಗ ಈ ಗುಳಿಗೆ ಮುಂದುವರಿಸುವುದಾ ಬಿಡುವುದಾ ಅಂತ ವೈದ್ಯರ ಜೊತೆ ಮಾತಾಡಿ. ಒಡೆದ ಗುಳಿಗೆಯನ್ನು ಗರ್ಭಿಣಿಯರು ಮುಟ್ಟಬಾರದು. ತೆಗೆದುಕೊಳ್ಳುವಷ್ಟು ದಿನ, ಬಿಟ್ಟ ಮೇಲೂ ಒಂದು ತಿಂಗಳು, ರಕ್ತದಾನ ಮಾಡಬಾರದು. ಇಷ್ಟೆಲ್ಲ ಕೇಳಿದ ಮೇಲೆ ನಿಮಗೆ ಗುಳಿಗೆ ಬೇಡ ಅನಿಸಿದರೆ ಬರೀ ಮಿನಾಕ್ಸಿಡಿಲ್‌ನಿಂದಲೂ ಶುರು ಮಾಡಬಹುದು, ಫಲ ಸ್ವಲ್ಪ ಕಡಿಮೆ. ಮೆಡಿಕಲ್ ಶಾಪ್‌ನಲ್ಲಿ ಕೇಳಿಕೊಂಡು ತಿನ್ನಬೇಡಿ ಅನ್ನುವುದೊಂದೇ ನನ್ನ ಹಟ.

ಅವ್ವನ ಮಾತಿಗೂ ಉತ್ತರ ಹೇಳಬೇಕಲ್ಲ. ಸವಳು ನೀರಿನಿಂದ ಕೂದಲು ಒರಟಾಗುತ್ತದೆ, ತುಂಡಾಗುತ್ತದೆ. ಹಣೆಯ ಮೂಲೆ ಹಿಡಿದು ಹಿಂದೆ ಸರಿಯುವ ಬೋಳು ನೀರಿನಿಂದ ಬರುವುದಿಲ್ಲ. ಅದೇ ನೀರಿನಲ್ಲಿ ತಲೆ ತೊಳೆಯುವ ನಿಮ್ಮ ಹಿಂದಲೆ ದಟ್ಟವಾಗಿಯೇ ಇದೆ, ಅಲ್ವಾ? ಈ ಗುಣ ತಾಯಿ ಕಡೆಯಿಂದಲೂ ಬರುತ್ತದೆ, ತಂದೆ ಕಡೆಯಿಂದಲೂ ಬರುತ್ತದೆ. ಹೆಲ್ಮೆಟ್‌ಗೂ ಇದಕ್ಕೂ ಸಂಬಂಧವಿಲ್ಲ, ಹಾಕಿಕೊಳ್ಳಿ.

3,500 ಗ್ರಾಫ್ಟ್ ಎಲ್ಲಿಂದ ಬಂತು

ಫೋಟೋ ನೋಡಿ ಹೇಳಿದ ಆ ಸಂಖ್ಯೆಯೇ ನನಗೆ ಹೆಚ್ಚು ಚಿಂತೆ ಮಾಡಿಸಿತು. ಹಿಂದಲೆಯಲ್ಲಿ ಒಂದು ಚದರ ಸೆಂಟಿಮೀಟರ್‌ಗೆ ಸಾಮಾನ್ಯವಾಗಿ 65ರಿಂದ 85 ಗ್ರಾಫ್ಟ್ ಇರುತ್ತವೆ. ಎಲ್ಲವನ್ನೂ ತೆಗೆಯುವಂತಿಲ್ಲ, ತೆಗೆದರೆ ಹಿಂದಲೆ ಹುಳ ತಿಂದಂತೆ ಕಾಣುತ್ತದೆ. ಇಡೀ ಜೀವಮಾನಕ್ಕೆ ಸುರಕ್ಷಿತವಾಗಿ ಸಿಗುವುದು ಹೆಚ್ಚಿನವರಿಗೆ 4,000ದಿಂದ 6,000 ಗ್ರಾಫ್ಟ್. ತೆಗೆದ ಜಾಗದಲ್ಲಿ ಮತ್ತೆ ಬೆಳೆಯುವುದಿಲ್ಲ. ಮುಂದೆ ನೆಡುವಾಗ ಚದರ ಸೆಂಟಿಮೀಟರ್‌ಗೆ 40ರಷ್ಟು ಹಾಕಿದರೂ ಕಣ್ಣಿಗೆ ತುಂಬಿದಂತೆ ಕಾಣುತ್ತದೆ. ನೀವು ಹೇಳಿದಂತೆ ಎರಡು ಮೂಲೆ ಮತ್ತು ಹಣೆಯ ಗೆರೆ ಸೇರಿ 45ರಿಂದ 50 ಚದರ ಸೆಂಟಿಮೀಟರ್ ಇದ್ದರೆ 2,000 ಗ್ರಾಫ್ಟ್ ಸಾಕು. ಹಾಗಿದ್ದರೆ ಮಿಕ್ಕ 1,500 ಎಲ್ಲಿಗೆ? ಒಂದೋ ಹಣೆಯ ಗೆರೆಯನ್ನು ಹದಿನೆಂಟರ ಹುಡುಗನ ಹಾಗೆ ಕೆಳಗೆ ಇಳಿಸುತ್ತಾರೆ, ಇಲ್ಲವೇ ಇನ್ನೂ ಉದುರುತ್ತಿರುವ ನಡುನೆತ್ತಿಗೆ ಸುರಿಯುತ್ತಾರೆ. ಇಲ್ಲವೇ ಕೂದಲ ಎಣಿಕೆಯನ್ನೇ ಗ್ರಾಫ್ಟ್ ಅಂತ ಹೇಳುತ್ತಿದ್ದಾರೆ. ಒಂದು ಗ್ರಾಫ್ಟ್‌ನಲ್ಲಿ ಸರಾಸರಿ ಎರಡು ಕೂದಲು ಇರುವುದರಿಂದ ಬೆಲೆ ಕೇಳುವಾಗ ‘ಇದು ಗ್ರಾಫ್ಟ್ ಲೆಕ್ಕವೋ ಕೂದಲ ಲೆಕ್ಕವೋ’ ಅಂತ ಕೇಳಲೇಬೇಕು.

ನಿಮ್ಮ ಅಪ್ಪನ ತಲೆಯನ್ನು ಒಮ್ಮೆ ನೋಡಿ. ನಿಮಗೆ 45 ಆಗುವ ಹೊತ್ತಿಗೆ ಅಲ್ಲಿಯವರೆಗೆ ಹೋಗುವ ಸಾಧ್ಯತೆ ಇದೆ. ಈಗಲೇ 3,500 ಖರ್ಚು ಮಾಡಿದರೆ ಆವತ್ತು ಮುಂದೆ ಒಂದು ಪಟ್ಟಿ ಕೂದಲು, ಅದರ ಹಿಂದೆ ಬಯಲು, ತುಂಬೋಕೆ ಹಿಂದಲೆಯಲ್ಲಿ ಏನೂ ಇಲ್ಲ. ಬಿತ್ತನೆಗೆ ಎತ್ತಿಟ್ಟ ಜೋಳವನ್ನು ಮೊದಲ ಮಳೆಗೇ ಎಲ್ಲ ಚೆಲ್ಲುವುದಿಲ್ಲವಲ್ಲ, ಹಾಗೆ ಇದೂ. ಬೆಳಗಾವಿಯ ವೈದ್ಯರು ಒಂದು ವರ್ಷ ಅಂದದ್ದು ಇದಕ್ಕೇ. ಔಷಧಿ ಹಿಡಿಯುತ್ತದಾ, ಉದುರುವುದು ಎಲ್ಲಿ ನಿಲ್ಲುತ್ತದೆ ಅಂತ ಗೊತ್ತಾದರೆ ಎಷ್ಟು ನೆಡಬೇಕು ಅಂತ ಗೊತ್ತಾಗುತ್ತದೆ. ಎಷ್ಟೋ ಜನರಿಗೆ ವರ್ಷದ ಕೊನೆಗೆ ನಡುನೆತ್ತಿಗೆ ಕಸಿಯೇ ಬೇಡವಾಗುತ್ತದೆ. ಬೆಳಗಾವಿಯ ವೈದ್ಯರಿಗೆ ಪಾಳಿ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ, ಮೂವರಲ್ಲಿ ನಿಮ್ಮ ತಲೆ ನೋಡಿ ಮಾತಾಡಿದವರು ಅವರು.

ಒಂದು ವಿಷಯ ಮಾತ್ರ ಖಚಿತ ಮಾಡಿಕೊಳ್ಳಿ. ಡರ್ಮೋಸ್ಕೋಪ್ (ಚರ್ಮವನ್ನು ದೊಡ್ಡದಾಗಿ ತೋರಿಸುವ ಸಾಧನ) ಇಟ್ಟು ತಲೆಯ ಚರ್ಮ ನೋಡಿದ್ದಾರಾ? ಟೈಫಾಯ್ಡ್, ಡೆಂಗ್ಯೂ ಆಗಿ ಎರಡು ಮೂರು ತಿಂಗಳಿಗೆ ರಾಶಿ ರಾಶಿ ಕೂದಲು ಉದುರುವುದುಂಟು, ಅದು ತಾನಾಗಿಯೇ ಬರುತ್ತದೆ. ಚರ್ಮದೊಳಗೆ ಉರಿಯೂತವಾಗಿ ಕಲೆ ಕಟ್ಟುವ ಕಾಯಿಲೆಗಳಿವೆ, ಅದು ಸಕ್ರಿಯವಾಗಿರುವಾಗ ನೆಟ್ಟರೆ ನೆಟ್ಟದ್ದೂ ಹೋಗುತ್ತದೆ. ನಿಮ್ಮದು ಅವ್ಯಾವುವೂ ಅಲ್ಲ ಅಂತ ಪತ್ರ ಓದಿದರೆ ಅನಿಸುತ್ತದೆ. ಆದರೂ ಕಣ್ಣಿಂದ ನೋಡಿದ ವೈದ್ಯರ ಮಾತು ಬೇಕು.

ನಾನು ನಿಮ್ಮ ಜಾಗದಲ್ಲಿದ್ದರೆ ಲಗ್ನಕ್ಕೆ ಮುಂಚೆ ಕಸಿ ಮಾಡಿಸುತ್ತಿರಲಿಲ್ಲ. ಈಗಲೇ ಔಷಧಿ ಶುರು ಮಾಡುತ್ತಿದ್ದೆ. ಲಗ್ನದ ದಿನಕ್ಕೆ ಒಳ್ಳೆಯ ಕಟಿಂಗ್, ಬೇಕಿದ್ದರೆ ತೆಳುವಾದ ಕಡೆ ಚಿಮುಕಿಸಿಕೊಳ್ಳುವ, ಕೂದಲಿನಂತೆ ಕಾಣುವ ಫೈಬರ್ ಪುಡಿ. ಅರಿಷಿಣ, ಸುರಗಿ ನೀರು ಎಲ್ಲ ಮುಗಿದು ತಲೆ ಒಣಗಿದ ಮೇಲೆ ಹಾಕಿಸಿಕೊಳ್ಳಿ. ವೈಶಾಖದ ಬಿಸಿಲಿನಲ್ಲಿ ಬೆವರು ಇಳಿಯುತ್ತದೆ, ಒಮ್ಮೆ ಮನೆಯಲ್ಲಿ ಹಾಕಿ ನೋಡಿಕೊಂಡಿರಿ. ಕಸಿಗೆ ಆಷಾಢ ಇಲ್ಲವೇ ಶ್ರಾವಣ ನೋಡಿ. ಅಷ್ಟರಲ್ಲಿ ಔಷಧಿ ಶುರುವಾಗಿ ಒಂಬತ್ತು ಹತ್ತು ತಿಂಗಳಾಗಿರುತ್ತದೆ. ಕಾರ್ಖಾನೆಯಲ್ಲಿ ಕಬ್ಬು ನುರಿಸುವ ಹಂಗಾಮು ಮುಗಿದಿರುವುದರಿಂದ ರಜೆಯೂ ಸಿಗುತ್ತದೆ, ಬಾಯ್ಲರ್‌ನ ಬಿಸಿ, ಕಬ್ಬಿನ ಸಿಪ್ಪೆಯ (ಬಗ್ಯಾಸ್) ಧೂಳೂ ತಲೆಗೆ ತಾಗುವುದಿಲ್ಲ. ನಮ್ಮ ಕಡೆ ಮಳೆಗಾಲದ ತಂಪಿನಲ್ಲಿ ಆ ಮೊದಲ ಹತ್ತು ದಿನ ಕಳೆಯುವುದು, 40 ಡಿಗ್ರಿ ದಾಟುವ ಏಪ್ರಿಲ್‌ನಲ್ಲಿ ಕಳೆಯುವುದಕ್ಕಿಂತ ಎಷ್ಟೋ ವಾಸಿ. ಪುಣೆಯವರ ಪಾಳಿ ಐದು ತಿಂಗಳಾದರೆ ಈಗ ಹೋಗಿ ತೋರಿಸಿಕೊಂಡು ಆಗಿನ ತಾರೀಖು ಕೇಳಿ. ಉದ್ದದ ಪಾಳಿ ಆಗ ನಿಮಗೆ ಅಡ್ಡಿಯೇ ಅಲ್ಲ.

ಇಲ್ಲ ಸರ್, ಲಗ್ನಕ್ಕೆ ಬೇಕೇ ಬೇಕು ಅಂದರೆ, ಹೆಚ್ಚೆಂದರೆ ಮುಂದಿನ ಮೂರು ನಾಲ್ಕು ವಾರದೊಳಗೆ ಆಗಬೇಕು. ನಿಮ್ಮನ್ನು ಖುದ್ದಾಗಿ ಪರೀಕ್ಷಿಸಿದ ತಜ್ಞರೇ ಮಾಡಬೇಕು. ಹಣೆಯ ಗೆರೆ ಮತ್ತು ಮೂಲೆಗಳಿಗೆ ಮಾತ್ರ, ನಡುನೆತ್ತಿ ಮುಟ್ಟಬಾರದು. ಔಷಧಿ ಜೊತೆಗೇ ನಡೆಯಬೇಕು. ಲಗ್ನದ ಹೊತ್ತಿಗೆ ಅರ್ಧದಿಂದ ಮುಕ್ಕಾಲು ಫಲ ಅಂತಲೇ ಇಟ್ಟುಕೊಳ್ಳಿ. ಔಷಧಿ ನಿಮಗೆ ಹಿಡಿಯದಿದ್ದರೆ ಕೆಲವು ವರ್ಷಕ್ಕೆ ಇನ್ನೊಂದು ಕಸಿ ಬೇಕಾಗುತ್ತದೆ ಅನ್ನುವುದನ್ನೂ ಒಪ್ಪಿಕೊಂಡೇ ಹೋಗಬೇಕು. ನಾಲ್ಕು ವಾರ ದಾಟಿತು ಅಂದರೆ ಆ ಯೋಚನೆ ಬಿಡಿ. ಕಾಯುವ ತಿಂಗಳಲ್ಲಿ ‘ಪಿಆರ್‌ಪಿ ಪ್ಯಾಕೇಜ್’ (ನಿಮ್ಮದೇ ರಕ್ತದಿಂದ ಬೇರ್ಪಡಿಸಿದ ಪ್ಲೇಟ್‌ಲೆಟ್ ಅಂಶವನ್ನು ತಲೆಗೆ ಚುಚ್ಚುವುದು) ತಗೊಳ್ಳಿ ಅಂತ ಯಾರಾದರೂ ಹೇಳಬಹುದು. ಕೆಲವರಿಗೆ ಸ್ವಲ್ಪ ಉಪಯೋಗವಾಗುತ್ತದೆ, ಔಷಧಿಗೆ ಬದಲಿಯಲ್ಲ. ದುಡ್ಡು ಲೆಕ್ಕ ಹಾಕಿ ಖರ್ಚು ಮಾಡುವವರಿಗೆ ನಾನು ಮೊದಲು ಅದನ್ನು ಹೇಳುವುದಿಲ್ಲ.

ಯಾವ ಕ್ಲಿನಿಕ್‌ಗೆ ಹೋದರೂ ಪಾಳಿ ಎಷ್ಟು ಅಂತ ಕೇಳಿದ ಮೇಲೆ, ಯಾಕೆ ಅಷ್ಟು ಅಂತಲೂ ಕೇಳಿ. ದಿನಕ್ಕೆ ಎಷ್ಟು ಜನರಿಗೆ ಮಾಡುತ್ತೀರಿ? ಬೇರು ತೆಗೆಯುವವರು ಯಾರು, ಸೀಳು ಮಾಡುವವರು ಯಾರು? ವೈದ್ಯರು ಕೆಲಸ ಮುಗಿಯುವವರೆಗೂ ಒಳಗಿರುತ್ತಾರಾ? ಈ ಮೂರಕ್ಕೆ ರಿಸೆಪ್ಷನ್‌ನವರು ತಡವರಿಸಿದರೆ ನನ್ನ ಪಾಲಿಗೆ ಉತ್ತರ ಸಿಕ್ಕಿಬಿಟ್ಟಿತು. ಗೋಡೆಯ ಮೇಲೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರ ಇರಬೇಕು, ಕರ್ನಾಟಕದಲ್ಲಿ ಖಾಸಗಿ ದವಾಖಾನೆಗೆ ಅದು ಕಡ್ಡಾಯ. ವೈದ್ಯರ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿದರೆ ಒಳ್ಳೆಯವರು ಬೇಜಾರು ಮಾಡಿಕೊಳ್ಳುವುದಿಲ್ಲ. ಬಿಪಿ, ಸಕ್ಕರೆ, ರಕ್ತ ಹೆಪ್ಪುಗಟ್ಟುವುದು, ಹೆಪಟೈಟಿಸ್, ಎಚ್‌ಐವಿ ಪರೀಕ್ಷೆ ಮಾಡದೆ ನಾಡಿದ್ದು ಮಲಗಿಸುತ್ತೇವೆ ಅನ್ನುವವರಿಂದ ದೂರ ಇರಿ. ವಿಮೆಯಿಂದ ಇದಕ್ಕೆ ದುಡ್ಡು ಬರುವುದಿಲ್ಲ, ಜಿಎಸ್‌ಟಿ ಇದೆ. ಹೇಳಿದ ಬೆಲೆ ಜಿಎಸ್‌ಟಿ ಸೇರಿಯೋ ಬಿಟ್ಟೋ ಅಂತ ಬರೆಸಿಕೊಳ್ಳಿ. ಗುಟ್ಕಾ, ಸಿಗರೇಟ್ ಅಭ್ಯಾಸ ಇದ್ದರೆ ವಾರಗಳ ಮುಂಚೆಯೇ ನಿಲ್ಲಿಸಬೇಕು, ನಿಕೋಟಿನ್ ಚರ್ಮದ ರಕ್ತನಾಳವನ್ನು ಬಿಗಿಮಾಡುತ್ತದೆ. ಪುಣೆಯಲ್ಲೇ ಮಾಡಿಸಿಕೊಂಡರೆ ಅದೇ ರಾತ್ರಿ ಸ್ಲೀಪರ್ ಬಸ್ ಹತ್ತಬೇಡಿ. ಮಾರನೇ ದಿನ ತೋರಿಸಿ, ತಲೆ ತೊಳೆಯುವುದು ಹೇಗೆ ಅಂತ ಕಲಿತು ಬನ್ನಿ.

ಹುಡುಗಿಗೆ ಹೇಳುವ ಬಗ್ಗೆ ನೀವು ಕೇಳಿಲ್ಲ, ಆದರೆ ಬರೆದಿದ್ದೀರಿ. ಹೇಳಿ. ದಿನಾ ತಲೆಗೆ ಹಚ್ಚುವ ಔಷಧಿಯನ್ನು ಒಂದೇ ಮನೆಯಲ್ಲಿದ್ದು ಮುಚ್ಚಿಡಲಾಗದು. ಗುಳಿಗೆಯ ವಿಷಯ ಅವರಿಗೂ ಸಂಬಂಧಪಟ್ಟದ್ದೇ. ನಿಮ್ಮನ್ನು ಈ ತಲೆಯಲ್ಲೇ ನೋಡಿ ಒಪ್ಪಿದ್ದಾರೆ ಅನ್ನುವುದನ್ನು ಇಂಥ ಹುಡುಗರು ಮರೆತೇಬಿಡುತ್ತಾರೆ.

ಇನ್ನು ಆ 10,000 ರೂಪಾಯಿ. ಇವತ್ತೇ ಕ್ಲಿನಿಕ್‌ಗೆ ವಾಟ್ಸ್ಆ್ಯಪ್‌ನಲ್ಲಿ, ಇಮೇಲ್ ಇದ್ದರೆ ಅದರಲ್ಲೂ, ‘ವೈದ್ಯರು ನನ್ನನ್ನು ಪರೀಕ್ಷಿಸಿಲ್ಲ, ಕಸಿ ಬೇಡವೆಂದು ತೀರ್ಮಾನಿಸಿದ್ದೇನೆ, ಅಡ್ವಾನ್ಸ್ ವಾಪಸ್ ಮಾಡಿ’ ಅಂತ ಬರೆದು ಕಳಿಸಿ. ಫೋನಿನಲ್ಲಿ ಜಗಳ ಬೇಡ. ದುಡ್ಡು ಕಳಿಸಿದ ದಾಖಲೆ, ಅವರು ಕಳಿಸಿದ ಮೆಸೇಜ್‌ಗಳನ್ನು ಅಳಿಸಬೇಡಿ. ಸ್ವಲ್ಪ ಕಡಿತ ಮಾಡಿ ಕೊಡುತ್ತೇವೆ ಅಂದರೆ ಯಾವ ಲೆಕ್ಕಕ್ಕೆ ಅಂತ ಬರವಣಿಗೆಯಲ್ಲಿ ಕೇಳಿ. ಕೊಡುವುದಿಲ್ಲ ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಬರೆಸಿ, ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ದುಡ್ಡು ವಾಪಸ್ ಬರುವುದು ತಡವಾದರೂ, ಕಟ್ಟಿದ್ದೇನಲ್ಲ ಅಂತ ನಾಡಿದ್ದು ಹೋಗಿ ಮಲಗಬೇಡಿ.